ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಮೀಟರ್ ಕೊನೆಗೆ ನೋಡಿ

ಕೊಡಗಿನಿಂದ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಬೆಂಗಳೂರಿಗೆ ಹೋಗುವವರಲ್ಲಿ ಬಹಳ ಜನ ಒಂದೇ ರೀತಿಯಲ್ಲಿ ಎಡವುತ್ತಾರೆ. ಮೊದಲು ಕಾರಿನೊಳಗೆ ಕೂರುತ್ತಾರೆ. ಮೀಟರ್ ನೋಡಿ "ಬರೀ 28 ಸಾವಿರ ಓಡಿದೆ" ಎಂದು ಖುಷಿಪಡುತ್ತಾರೆ. ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದು ಟೋಕನ್ ಕೊಟ್ಟು ಬರುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗ್ಯಾರೇಜಿನ ಬಿಲ್ ಶುರುವಾಗುತ್ತದೆ.

ಇಲ್ಲಿ ಕೆಡುವುದು ಕ್ರಮ. ಮೀಟರಿನ ಸಂಖ್ಯೆ ಒಮ್ಮೆ ತಲೆಯಲ್ಲಿ ಕೂತರೆ ಆಮೇಲೆ ಕಾಣುವುದೆಲ್ಲ ಅದಕ್ಕೆ ಹೊಂದಿಕೊಂಡೇ ಕಾಣುತ್ತದೆ. ಸ್ಟಿಯರಿಂಗ್ ಚರ್ಮ ಸವೆದಿದ್ದರೂ "ಕೈ ಬೆವರುತ್ತಿತ್ತೇನೋ" ಅನ್ನಿಸುತ್ತದೆ. ಹಾಗಾಗಿ ಕೆಳಗಿನ ಹಂತಗಳಲ್ಲಿ ಮೀಟರ್ ಬರುವುದು ತೀರಾ ಕೊನೆಗೆ. ಜಾಹೀರಾತಿನಲ್ಲಿ ಕಿಲೋಮೀಟರ್ ಹಾಕಿರುತ್ತಾರೆ ಅಲ್ವಾ? ಅದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ. ಕಾರಿನ ಹೊರಗೂ ಒಳಗೂ ನೋಡಿದ ಮೇಲೆ ನಿಮ್ಮ ಅಂದಾಜು ಎಷ್ಟು ಎಂದು ಇನ್ನೊಂದು ಚೀಟಿಯಲ್ಲಿ ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಡುವುದು ಆಮೇಲೆ.

ಪೋಲೋ ಜಿಟಿ ಟಿಎಸ್‌ಐ, ಅಬಾರ್ಥ್ ಪುಂಟೋ, ಆಕ್ಟೇವಿಯಾ ಆರ್‌ಎಸ್, ಮಿನಿ ಕೂಪರ್ ಎಸ್‌ನಿಂದ ಹಿಡಿದು ಬಿಎಂಡಬ್ಲ್ಯೂ ಝಡ್4, ಆಡಿ ಟಿಟಿ, ಪೋರ್ಷೆ ಬಾಕ್ಸ್‌ಸ್ಟರ್‌ವರೆಗೆ ಈ ಕ್ರಮ ನಡೆಯುತ್ತದೆ.

## ಬೇಕಾದ ಸಾಮಾನು

ಒಳ್ಳೆಯ ಟಾರ್ಚ್. ಮೊಬೈಲ್ ಬೆಳಕು ಸಾಲದು. ಕೈಕನ್ನಡಿ ಅಥವಾ ಉದ್ದ ಹಿಡಿಕೆಯ ಕನ್ನಡಿ, ಬಿಳಿ ಟಿಶ್ಯೂ, ಒಂದು ಹಳೆಯ ಚಾಪೆ, ವರ್ನಿಯರ್ ಕ್ಯಾಲಿಪರ್. ಬ್ಲೂಟೂತ್‌ನ ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರ್ ಓದುವ ಪುಟ್ಟ ಸಾಧನ), ಅದಕ್ಕೆ ತಕ್ಕ ಆ್ಯಪ್. ಪೇಂಟ್ ದಪ್ಪ ಅಳೆಯುವ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಅಲ್ಯೂಮಿನಿಯಂ ಮೇಲೂ ಓದುವಂಥ ಗೇಜ್ ತನ್ನಿ. ಹಲವು ಸ್ಪೋರ್ಟ್ಸ್ ಕಾರುಗಳ ಬಾನೆಟ್ ಅಲ್ಯೂಮಿನಿಯಂನದು. ಬರೀ ಕಬ್ಬಿಣಕ್ಕೆ ಕೆಲಸ ಮಾಡುವ ಅಗ್ಗದ ಗೇಜ್ ಅಲ್ಲಿ ಏನೂ ತೋರಿಸುವುದಿಲ್ಲ.

ಇನ್ನೊಂದು ಅಳತೆ ಮನೆಯಲ್ಲೇ ಆಗಬೇಕು. ಗೇಟಿನಿಂದ ಮನೆ ಅಂಗಳದವರೆಗಿನ ತೋಟದ ದಾರಿಯಲ್ಲಿ ನಡುವಿನ ದಿಬ್ಬ ಎಷ್ಟು ಎತ್ತರ, ಮಳೆನೀರು ಹೋಗಲು ಅಡ್ಡ ತೋಡಿದ ಚರಂಡಿ ಎಷ್ಟು ಆಳ ಎಂದು ಟೇಪ್ ಹಿಡಿದು ನೋಡಿ. ಕಾರು ಮನೆವರೆಗೆ ಬರುವುದೇ ಇಲ್ಲ ಎಂದಾದರೆ ಮುಂದಿನ ಹಂತಗಳ ಅಗತ್ಯವೇ ಇಲ್ಲ.

## ಹಂತ 1: ಹೊರಡುವ ಮೊದಲು ಕಾಗದ

ನಂಬರ್ ಪ್ಲೇಟ್ ಸಿಕ್ಕ ಕೂಡಲೇ ಪರಿವಾಹನ್ ಜಾಲತಾಣ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ನೋಂದಣಿ ದಿನ, ಎಷ್ಟನೇ ಓನರ್, ಇನ್ಶೂರೆನ್ಸ್ ಎಂದಿನವರೆಗಿದೆ, ಫೈನಾನ್ಸ್ ಬಾಕಿ ಇದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ಎಂಬುದು ಅಲ್ಲಿ ಸಿಗುತ್ತದೆ. ಮಾರುವವರು "ಸೆಕೆಂಡ್ ಓನರ್" ಎಂದಾಗ ಅಲ್ಲಿ 4 ಎಂದಿದ್ದರೆ ಬೆಂಗಳೂರಿನ ಪೆಟ್ರೋಲ್ ಖರ್ಚು ಉಳಿಯಿತು.

ಆಮೇಲೆ ಎರಡು ಕಾಗದಗಳ ಫೋಟೋ ಕೇಳಿ. ಒಂದು, ಸರ್ವೀಸ್ ಬಿಲ್‌ಗಳು. ಸ್ಟಾಂಪ್ ಹೊಡೆದ ಪುಸ್ತಕ ಸಾಲದು, ಬಿಲ್‌ಗಳೇ ಬೇಕು. ಪ್ರತಿ ಬಿಲ್‌ನಲ್ಲೂ ದಿನಾಂಕದ ಪಕ್ಕ ಕಿಲೋಮೀಟರ್ ಇರುತ್ತದೆ. ಅವನ್ನು ಸಾಲಾಗಿ ಬರೆದರೆ ಸಂಖ್ಯೆ ಏರುತ್ತಲೇ ಹೋಗಬೇಕು. ಮೊದಲ ಮೂರು ವರ್ಷ ವರ್ಷಕ್ಕೆ 14 ಸಾವಿರ ಓಡಿದ ಕಾರು ಆಮೇಲಿನ ನಾಲ್ಕು ವರ್ಷಗಳಲ್ಲಿ ಒಟ್ಟು 5 ಸಾವಿರ ಮಾತ್ರ ಓಡಿದ್ದರೆ ಕಾರಣ ಕೇಳಬೇಕು. ಕಾರಣ ನಿಜವೇ ಇರಬಹುದು. ಓನರ್ ವಿದೇಶಕ್ಕೆ ಹೋಗಿರಬಹುದು, ಮನೆಗೆ ಇನ್ನೊಂದು ಕಾರು ಬಂದಿರಬಹುದು. ಬಿಲ್ ನಿಂತ ಜಾಗ ಮತ್ತು ಓಟ ಕಡಿಮೆಯಾದ ಜಾಗ ಒಂದೇ ಆಗಿದ್ದರೆ ಮಾತ್ರ ಅನುಮಾನ ಇಟ್ಟುಕೊಳ್ಳಿ.

ಎರಡನೆಯದು ಇನ್ಶೂರೆನ್ಸ್ ಪಾಲಿಸಿ. ಅದರಲ್ಲಿ ನೋ ಕ್ಲೇಮ್ ಬೋನಸ್ ಶೇಕಡಾವಾರು ಇರುತ್ತದೆ. ಕ್ಲೇಮ್ ಮಾಡದ ಒಂದು ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದು ವರ್ಷಕ್ಕೆ ಶೇ 50. ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. "ಒಂದು ಗೀರೂ ಬಿದ್ದಿಲ್ಲ ಸರ್" ಎನ್ನುವ ಎಂಟು ವರ್ಷದ ಕಾರಿನ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ ಯಾವ ಕ್ಲೇಮ್ ಎಂದು ನೇರವಾಗಿ ಕೇಳಿ. ಒಂದು ಎಚ್ಚರ: ಈ ಬೋನಸ್ ಸೇರುವುದು ಓನರ್‌ಗೆ, ಕಾರಿಗಲ್ಲ. ಹೊಸ ಓನರ್ ಕೈಗೆ ಬಂದ ಮೊದಲ ವರ್ಷ ಸೊನ್ನೆ ಇರುವುದು ಸಹಜ. ಹಳೆಯ ಕಾರಿನಿಂದ ತಂದ ಬೋನಸ್ಸನ್ನು ಈ ಕಾರಿನ ಪಾಲಿಸಿಗೆ ಸೇರಿಸಿಕೊಂಡಿರಲೂಬಹುದು.

ಹೊರರಾಜ್ಯದ ಕಾರು ಅಗ್ಗಕ್ಕೆ ಕಂಡರೆ ತಡೆಯಿರಿ. ಮಾಕುಟ್ಟದಾಚೆ ಇಳಿದರೆ ಕಣ್ಣೂರು, ಕುಟ್ಟದಾಚೆ ವಯನಾಡು. ಕೆಎಲ್ ನಂಬರಿನ ಕಾರು ನಮಗೆ ದೂರದ್ದೇನಲ್ಲ. ಪಿವೈ (ಪುದುಚೇರಿ) ನಂಬರಿನ ದುಬಾರಿ ಕಾರುಗಳೂ ಬರುತ್ತವೆ. ಆದರೆ 12 ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಮಾಡಿಸಬೇಕು. ಕಾರಿನ ವಯಸ್ಸಿಗೆ ತಕ್ಕಂತೆ ಇಲ್ಲಿನ ಆಜೀವ ತೆರಿಗೆಯನ್ನೂ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ನಮ್ಮಲ್ಲಿ ಆ ತೆರಿಗೆ ಶೇ 18. ಕೆಎ 12 ನಂಬರ್ ಬೀಳುವವರೆಗಿನ ಖರ್ಚನ್ನೆಲ್ಲ ಕೂಡಿಸಿ ನೋಡಿದರೆ "ಎರಡು ಲಕ್ಷ ಕಮ್ಮಿ" ಎಂಬುದು ಕರಗಿ ಹೋಗಿರುತ್ತದೆ.

## ಹಂತ 2: ಎಂಜಿನ್ ತಣ್ಣಗಿರುವಾಗಲೇ ತಲುಪಿ

ಹಿಂದಿನ ದಿನ ಫೋನ್ ಮಾಡಿ ಹೇಳಿ: "ಸರ್, ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ." ತಲುಪಿದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬಾಕ್ಸ್‌ಸ್ಟರ್, ಕೇಮನ್‌ಗಳಲ್ಲಿ ಎಂಜಿನ್ ಸೀಟಿನ ಹಿಂದಿರುವುದರಿಂದ ಸೈಲೆನ್ಸರ್ ತುದಿಯ ಹತ್ತಿರ ಕೈ ಒಯ್ಯಿರಿ. ಬೆಚ್ಚಗಿದ್ದರೆ ನಿಮಗಾಗಿ ಯಾರೋ ಮೊದಲೇ ಸ್ಟಾರ್ಟ್ ಮಾಡಿ ಏನನ್ನೋ ದಾಟಿಸಿದ್ದಾರೆ. ಅಂಥ ದಿನ ಸುಮ್ನೆ ಬೇರೆ ಕೆಲಸಕ್ಕೆ ಹೋಗಿ, ಸಂಜೆ ತಿರುಗಿ ಬನ್ನಿ.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಡಿಪ್‌ಸ್ಟಿಕ್ ಎಳೆದು ಬಿಳಿ ಟಿಶ್ಯೂಗೆ ಒರೆಸಿ. ಕಪ್ಪಗಿರುವುದು ದೋಷವಲ್ಲ. ಬೆಲ್ಲದ ಪಾಕದ ಹಾಗೆ ಅಂಟಾಗಿದ್ದರೆ, ಮಿರಮಿರ ಹೊಳೆಯುವ ಕಣ ಇದ್ದರೆ, ಪೆಟ್ರೋಲ್ ವಾಸನೆ ಜೋರಾಗಿದ್ದರೆ ದೋಷ. ಕೂಲೆಂಟ್ ಟ್ಯಾಂಕಿನಲ್ಲಿ ಬಣ್ಣದ ಕೂಲೆಂಟ್ ಇರಬೇಕು, ನಲ್ಲಿನೀರಲ್ಲ. ಮುಚ್ಚಳದ ಒಳಗೆ ಕೆನೆಯಂಥ ಕಂದು ಅಂಟು ಕಂಡರೆ ಆಯಿಲ್ ಕೂಲೆಂಟಿಗೆ ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಅನುಮಾನ.

ಈಗ ಬೇರೊಬ್ಬರು ಸ್ಟಾರ್ಟ್ ಮಾಡಲಿ. ನೀವು ಎಂಜಿನ್ ಪಕ್ಕ ನಿಲ್ಲಿ, ಜೊತೆಗೆ ಬಂದವರು ಸೈಲೆನ್ಸರ್ ಹಿಂದೆ ನಿಲ್ಲಲಿ. ಮೊದಲ ಕೆಲವು ಸೆಕೆಂಡಿನ ಸದ್ದು ಮತ್ತೆ ಸಿಗುವುದಿಲ್ಲ. ಸರಪಳಿ ಅಲುಗಿದಂಥ ಕಟಕಟ ಸದ್ದು ಬಂದು ನಿಂತರೆ ಟೈಮಿಂಗ್ ಚೈನ್ ಸಡಿಲಾಗಿದೆ. ಮಿನಿ ಕೂಪರ್ ಎಸ್‌ನ ಹಳೆಯ ಮಾದರಿಗಳಲ್ಲಿ ಇದನ್ನು ಕಿವಿಗೊಟ್ಟೇ ಕೇಳಬೇಕು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಆವಿ ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆ ಎಲ್ಲ ಕಾರಿಗೂ ಬರುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಎಂಜಿನ್ ಬಿಸಿಯಾದ ಮೇಲೂ ಹೋಗದೆ ಸಿಹಿ ವಾಸನೆ ಬಂದರೆ ಕೂಲೆಂಟ್ ಉರಿಯುತ್ತಿದೆ.

ಇನ್ನು, 1997ರಿಂದ 2008ರವರೆಗಿನ ಬಾಕ್ಸ್‌ಸ್ಟರ್, 911, ಕೇಮನ್ ನೋಡುವವರು ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಒಂದು ಶಾಫ್ಟಿನ ಬೇರಿಂಗ್) ಎಂಬ ಹೆಸರು ನೆನಪಿಡಿ. ಅದು ಒಡೆದರೆ ಎಂಜಿನ್ನೇ ಹೋಗುತ್ತದೆ. ಬದಲಿಸಿದ್ದರೆ ಬಿಲ್ ಇರುತ್ತದೆ. "ಬದಲಿಸಿದ್ದೇವೆ, ಬಿಲ್ ಇಲ್ಲ" ಎಂದರೆ ಬದಲಿಸಿಲ್ಲ ಎಂದೇ ಲೆಕ್ಕ.

## ಹಂತ 3: ಬಾಡಿ

ತೊಳೆದು ಒಣಗಿದ ಕಾರನ್ನು ಹಗಲು ಬೆಳಕಿನಲ್ಲಿ ನೋಡಿ. ಮಳೆಯಲ್ಲಿ ಒದ್ದೆಯಾದ ಕಾರು ಎಲ್ಲ ಗೀರು, ಎಲ್ಲ ಪೇಂಟ್ ವ್ಯತ್ಯಾಸ ಮುಚ್ಚಿಡುತ್ತದೆ. ಬೇಸ್‌ಮೆಂಟಿನ ಟ್ಯೂಬ್‌ಲೈಟ್ ಕೆಳಗೆ ನೋಡಿದ್ದನ್ನೂ ನೋಡಿದ ಲೆಕ್ಕಕ್ಕೆ ಹಿಡಿಯಬೇಡಿ.

ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಒಳಗಿರುತ್ತದೆ. ಒಂದು ಬಾಗಿಲು 110, ಪಕ್ಕದ್ದು 260 ಎಂದರೆ ಪಕ್ಕದ್ದಕ್ಕೆ ಮತ್ತೆ ಪೇಂಟ್ ಹೊಡೆದಿದ್ದಾರೆ. 500 ದಾಟಿದರೆ ಕೆಳಗೆ ಪುಟ್ಟಿ ಇದೆ. ಬಂಪರ್‌ಗೆ ಮತ್ತೆ ಪೇಂಟ್ ಹೊಡೆಸಿದ್ದು ದೊಡ್ಡ ವಿಷಯವಲ್ಲ. ತಗ್ಗಿದ ಕಾರಿನ ಮುಂಭಾಗಕ್ಕೆ ಕಲ್ಲು ಬಡಿಯುವುದು ಇದ್ದದ್ದೇ. ಛಾವಣಿ, ಅದನ್ನು ಹೊತ್ತ ಕಂಬ, ಬಾಗಿಲ ಕೆಳಗಿನ ಪಟ್ಟಿ, ಇವುಗಳಲ್ಲಿ ಪೇಂಟ್ ದಪ್ಪ ಕಂಡರೆ ಆ ಕಾರು ಬೇಡ.

ಬೋಲ್ಟ್‌ಗಳನ್ನು ಹತ್ತಿರದಿಂದ ನೋಡಿ. ಬಾನೆಟ್ ಹಿಂಜಿನಲ್ಲೂ ಮುಂದಿನ ಮಡ್‌ಗಾರ್ಡ್ ಅಂಚಿನಲ್ಲೂ ಇರುವ ಬೋಲ್ಟ್‌ಗಳಿಗೆ ಬಾಡಿ ಬಣ್ಣದ್ದೇ ಪೇಂಟ್ ಇರುತ್ತದೆ. ಯಾರೂ ಬಿಚ್ಚದಿದ್ದರೆ ಆರು ಮೂಲೆಯ ಪೇಂಟ್ ಹಾಗೇ ಉಳಿದಿರುತ್ತದೆ. ಬಿಚ್ಚಿದ್ದರೆ ಮೂಲೆಗಳಲ್ಲಿ ಬೆಳ್ಳಿ ಬಣ್ಣದ ಗೆರೆ ಕಾಣುತ್ತದೆ. ಬೋಲ್ಟ್ ಮೂಲ ಜಾಗದಿಂದ ಒಂದು ಕೂದಲೆಳೆ ಸರಿದಿದ್ದರೆ ಪಕ್ಕದಲ್ಲಿ ಪೇಂಟ್ ಇಲ್ಲದ ಅರೆಚಂದ್ರ ಇರುತ್ತದೆ. ಗಾಜುಗಳ ಮೂಲೆಯ ಮುದ್ರೆಯನ್ನೂ ಓದಿ. ಎಲ್ಲ ಗಾಜೂ ಒಂದೇ ಕಂಪನಿ, ಒಂದೇ ಕಾಲದ್ದಾಗಿರಬೇಕು. ಮುಂದಿನ ಗಾಜು ಮಾತ್ರ ಬೇರೆಯಾದರೆ ಕಲ್ಲೇಟಿಗೆ ಹೋಗಿರಬಹುದು. ಪಕ್ಕದ ಗಾಜೂ ಬೇರೆಯಾದರೆ ಆ ಬಾಗಿಲನ್ನು ಇನ್ನೊಮ್ಮೆ ನೋಡಿ.

## ಹಂತ 4: ನೀರು, ಬೂಷ್ಟು, ಇಲಿ

ನೆರೆ ನೀರು ಕುಡಿದ ಕಾರು ಮೇಲ್ನೋಟಕ್ಕೆ ಅತಿ ಚೊಕ್ಕವಾಗಿರುತ್ತದೆ, ಯಾಕೆಂದರೆ ಈಗಷ್ಟೇ ಪೂರ್ತಿ ತೊಳೆದಿರುತ್ತಾರೆ. ಚೆನ್ನೈ 2015ರ ಡಿಸೆಂಬರ್ ಮತ್ತು 2023ರ ಡಿಸೆಂಬರ್, ಕೇರಳ ಮತ್ತು ನಮ್ಮ ಕೊಡಗು 2018ರ ಆಗಸ್ಟ್, ಬೆಂಗಳೂರು 2022ರ ಸೆಪ್ಟೆಂಬರ್. ಕಾರು ಆ ದಿನಗಳಲ್ಲಿ ಆ ಊರಲ್ಲಿತ್ತೇ ಎಂದು ಬಿಲ್‌ಗಳಿಂದ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಆ ಸಲ ಬೇಸ್‌ಮೆಂಟುಗಳಲ್ಲಿ ನಿಂತಿದ್ದ ದುಬಾರಿ ಕಾರುಗಳೂ ಮುಳುಗಿದ್ದವು.

ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆಯಿರಿ. ಎಲ್ಲರೂ ಅರ್ಧ ಎಳೆದು ಬಿಡುತ್ತಾರೆ. ಕಾರು ತೊಳೆಯುವವರೂ ಅಷ್ಟೇ ಎಳೆಯುತ್ತಾರೆ. ಕೊನೆಯ ಒಂದಡಿ ಪಟ್ಟಿಯಲ್ಲಿ ಕೆಸರಿನ ಅಡ್ಡಗೆರೆ ಇದ್ದರೆ ನೀರು ಎಲ್ಲಿವರೆಗೆ ಏರಿತ್ತು ಎಂಬುದಕ್ಕೆ ಅದೇ ಅಳತೆಗೋಲು. ಆಮೇಲೆ ಸೀಟಿನ ಹಳಿಗಳ ತುಕ್ಕು, ಕಾರ್ಪೆಟ್ ಅಡಿಯ ಸ್ಪಂಜಿನ ಒದ್ದೆ, ಸ್ಟೆಪ್ನಿ ಗುಂಡಿಯ ಮೂಲೆಯ ಮಣ್ಣು, ಲೈಟ್ ಒಳಗಿನ ನೀರ ಗೆರೆ. ಫ್ಯೂಸ್ ಬಾಕ್ಸ್ ತೆರೆದು ಕನೆಕ್ಟರ್‌ಗಳಲ್ಲಿ ಹಸಿರು ಪುಡಿ ಇದೆಯೇ ನೋಡಿ.

ಕೊಡಗಿನೊಳಗೇ ಕೊಳ್ಳುವ ಕಾರಿಗೆ ಬೇರೆ ಕಾಯಿಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕವರ್ ಹೊದ್ದು ಶೆಡ್ಡಿನಲ್ಲಿ ನಿಂತಿರುತ್ತದೆ. ಬಾಗಿಲು ತೆರೆದ ತಕ್ಷಣ ಮೂಗಿಗೆ ಬಡಿಯುವ ಬೂಷ್ಟಿನ ವಾಸನೆಯನ್ನು ಏರ್ ಫ್ರೆಶ್ನರ್ ಮುಚ್ಚಿದರೂ ಎಸಿ ಹಾಕಿದ ಮೊದಲ ನಿಮಿಷ ಅದು ಹೊರಬರುತ್ತದೆ. ಟಾಪ್ ಮಡಚುವ ಕಾರಾದರೆ ನೀರು ಇಳಿಯುವ ಡ್ರೈನ್ ತೂತು ಹುಡುಕಿ, ಒಂದು ಲೋಟ ನೀರು ಮೆಲ್ಲಗೆ ಹೊಯ್ದು ಕೆಳಗೆ ಬೀಳುತ್ತದೆಯೇ ನೋಡಿ. ಸಿಲ್ವರ್ ಓಕ್ ಎಲೆಗಳಿಗೆ ಆ ತೂತು ಮುಚ್ಚಲು ಒಂದು ಮಳೆಗಾಲ ಸಾಕು. ಹಳೆಯ ಬಾಕ್ಸ್‌ಸ್ಟರ್‌ಗಳಲ್ಲಿ ಅಲಾರಂ ಮತ್ತು ಬೀಗದ ಕಂಟ್ರೋಲ್ ಪೆಟ್ಟಿಗೆ ಸೀಟಿನ ಅಡಿಯಲ್ಲಿದೆ. ನೀರು ಹೋಗಿ ನಿಲ್ಲುವುದೂ ಅಲ್ಲೇ.

ಇಲಿಯನ್ನು ಮರೆಯಬೇಡಿ. ಬಾನೆಟ್ ಒಳಗಿನ ಮೆತ್ತೆ ಕೆರೆದಿದೆಯೇ, ವೈರ್ ಕಟ್ಟುಗಳ ಮೇಲೆ ಹಲ್ಲಿನ ಗುರುತಿದೆಯೇ, ಬ್ಯಾಟರಿ ಹಿಂದೆ ಹಿಕ್ಕೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಿ. ಕಪ್ಪು ಟೇಪ್ ಸುತ್ತಿದ ವೈರ್ ಕಂಡರೆ ಕಾರಣ ಕೇಳಿ.

## ಹಂತ 5: ಟೈರ್ ಮತ್ತು ಬ್ರೇಕ್‌ನಿಂದ ಓಟದ ಲೆಕ್ಕ

ಇಲ್ಲಿಂದ ನಿಮ್ಮ ಅಂದಾಜು ಶುರು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ಮುದ್ರೆ ಇದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕೂ ಟೈರ್, ಜೊತೆಗೆ ಸ್ಟೆಪ್ನಿ ಓದಿ. ಸ್ಟೆಪ್ನಿ ಸಾಮಾನ್ಯವಾಗಿ ಕಾರಿನಷ್ಟೇ ಹಳೆಯದಿರುತ್ತದೆ. 2017ರ ಕಾರಿಗೆ ಈಗ 2021ರ ಟೈರ್‌ಗಳಿದ್ದು, ಅವೂ ಪೂರ್ತಿ ಸವೆದಿದ್ದರೆ ಕಾರು ಎರಡು ಸೆಟ್ ಟೈರ್ ತಿಂದಿದೆ. ಸ್ಪೋರ್ಟ್ಸ್ ಕಾರಿನ ಮೆತ್ತನೆ ಟೈರ್ 25ರಿಂದ 35 ಸಾವಿರ ಬಾಳುತ್ತದೆ ಎಂದಿಟ್ಟುಕೊಂಡರೂ ಓಟ 50 ಸಾವಿರದ ಸುತ್ತ ಬಂತು. ಆದರೆ ಸವೆಯದಿದ್ದರೂ ಐದಾರು ವರ್ಷಕ್ಕೆ ರಬ್ಬರ್ ಗಟ್ಟಿಯಾಗುತ್ತದೆ, ಜಾಣ ಓನರ್ ಆಗ ಬದಲಿಸುತ್ತಾನೆ. ಹಾಗಾಗಿ ಹೊಸ ಟೈರ್ ಕಂಡ ಕೂಡಲೇ ಮೋಸ ಎನ್ನಬೇಡಿ, ಈಗಿರುವ ಸೆಟ್ ಎಷ್ಟು ಸವೆದಿದೆ ಎಂಬುದನ್ನೂ ಸೇರಿಸಿ ಲೆಕ್ಕ ಹಾಕಿ. ಮಿನಿ, ಝಡ್4ಗಳಲ್ಲಿ ರನ್‌ಫ್ಲಾಟ್ ಟೈರ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು) ಇದ್ದು ಸ್ಟೆಪ್ನಿ ಇರದು. ಅವುಗಳ ಪಕ್ಕದ ಗೋಡೆ ಗಡುಸು, ಗುಂಡಿಯ ಏಟು ನೇರ ಅಲಾಯ್‌ಗೆ. ಅಲಾಯ್‌ನ ಒಳ ಅಂಚನ್ನು ಕನ್ನಡಿ ಹಿಡಿದು ನೋಡಿ, ಬಿರುಕೂ ಬೆಂಡೂ ಅಲ್ಲೇ ಇರುತ್ತವೆ.

ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಮಿಲಿಮೀಟರಿನಲ್ಲಿ ಅಚ್ಚೊತ್ತಿರುತ್ತದೆ. ವರ್ನಿಯರ್‌ನಿಂದ ಅಳೆಯಿರಿ. ಸವೆದ ಡಿಸ್ಕಿನ ಅಂಚಿನಲ್ಲಿ ಏಣು ಎದ್ದಿರುವುದರಿಂದ ಚಪ್ಪಟೆ ದವಡೆ ಅದರ ಮೇಲೆಯೇ ಕೂತು ಹೆಚ್ಚು ತೋರಿಸುತ್ತದೆ. ಎರಡು ಬದಿಗೂ ಒಂದೊಂದು ರೂಪಾಯಿ ನಾಣ್ಯ ಇಟ್ಟು ಅಳೆದು, ಆಮೇಲೆ ನಾಣ್ಯಗಳ ದಪ್ಪ ಕಳೆಯಿರಿ. ಕನಿಷ್ಠಕ್ಕೆ ಹತ್ತಿರ ಬಂದ ಡಿಸ್ಕ್, 20 ಸಾವಿರ ಎನ್ನುವ ಮೀಟರ್, ಎರಡೂ ಒಟ್ಟಿಗೆ ಕೂರುವುದು ಕಷ್ಟ. ನಮ್ಮ ಘಾಟಿಯಲ್ಲೇ ದಿನಾ ಓಡಿದ ಕಾರಾದರೆ ಬ್ರೇಕ್ ಬೇಗ ಸವೆಯುತ್ತದೆ, ಅಷ್ಟು ರಿಯಾಯಿತಿ ಕೊಡಿ.

## ಹಂತ 6: ಒಳಗಿನ ಸವೆತ

ಇದನ್ನು ಎಲ್ಲರೂ ನೋಡುತ್ತಾರೆ, ಹಾಗಾಗಿ ಮೊದಲು ಬದಲಿಸುವುದೂ ಇದನ್ನೇ. ಪೆಡಲ್ ರಬ್ಬರ್ ಹೊಸದು, ಸ್ಟಿಯರಿಂಗ್‌ಗೆ ಹೊಸ ಚರ್ಮ, ಗೇರ್ ನಾಬ್ ಹೊಸದು ಎಂದರೆ ಸವೆತಕ್ಕಿಂತ ದೊಡ್ಡ ಸುಳಿವು. ಬದಲಿಸಲು ಕಷ್ಟವಾದದ್ದನ್ನು ನೋಡಿ: ಡ್ರೈವರ್ ಸೀಟಿನ ಬಾಗಿಲ ಕಡೆಯ ದಿಂಬು. ತಗ್ಗಿದ ಕಾರಿಗೆ ಹತ್ತಿಳಿಯುವಾಗ ಪ್ರತಿ ಸಲ ತೊಡೆ ಅದಕ್ಕೆ ಉಜ್ಜುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ, ಪಕ್ಕದ ಸೀಟಿನದ್ದನ್ನೂ ಒತ್ತಿ. ಎರಡರ ಗಡುಸು ಹತ್ತಿರ ಇರಬೇಕು. ಪವರ್ ವಿಂಡೋ ಸ್ವಿಚ್ಚಿನ ಗುರುತು, ಎಸಿ ಗುಂಡಿಗಳ ಮಾಸು, ಕೀಲಿಯ ಗುಂಡಿ ಇವೂ ಸಾಕ್ಷಿಗಳೇ.

ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತದೇ ಇದ್ದರೆ ಬಲ್ಬ್ ಕಿತ್ತಿದ್ದಾರೆ ಎಂದೇ ತಿಳಿಯಿರಿ.

ಈಗ, ಮೀಟರ್ ನೋಡುವ ಮೊದಲು, ಎರಡನೇ ಚೀಟಿಯಲ್ಲಿ ನಿಮ್ಮ ಸಂಖ್ಯೆ ಬರೆಯಿರಿ.

## ಹಂತ 7: ಸ್ಕ್ಯಾನರ್

ಮೀಟರ್ ಹಿಂದಕ್ಕೆ ತಿರುಗಿಸುವವರು ಹೆಚ್ಚಾಗಿ ಡ್ಯಾಶ್‌ಬೋರ್ಡಿನ ಮೀಟರ್ ಪೆಟ್ಟಿಗೆ (ಕ್ಲಸ್ಟರ್) ಒಂದನ್ನೇ ಮುಟ್ಟುತ್ತಾರೆ. ಕಾರಿನ ಬೇರೆ ಕಂಪ್ಯೂಟರ್‌ಗಳಲ್ಲಿ ಉಳಿದ ಲೆಕ್ಕ ಹಾಗೇ ಇರುತ್ತದೆ.

ದೋಷ ಕಂಡಾಗ ಕಾರಿನ ಕಂಪ್ಯೂಟರ್ ಬರೆದಿಡುವ ಗುರುತೇ ಕೋಡ್. ಡಾಂಗಲ್ ಚುಚ್ಚಿ ನಾಲ್ಕು ವಿಷಯ ನೋಡಿ. ದಾಖಲಾದ ಕೋಡ್‌ಗಳು, ಬಾಕಿ ಇರುವ ಕೋಡ್‌ಗಳು, ರೆಡಿನೆಸ್ ಮಾನಿಟರ್ (ಕೋಡ್ ಅಳಿಸಿದ ಮೇಲೆ ಕಾರು ತನ್ನ ಸ್ವಯಂ ಪರೀಕ್ಷೆ ಮುಗಿಸಿದೆಯೇ ಎಂಬುದು), ಕೋಡ್ ಅಳಿಸಿದ ಮೇಲೆ ಓಡಿದ ದೂರ. ಈ ಕೊನೆಯದು ಚಿನ್ನ. ಜಾಹೀರಾತಿನಲ್ಲಿ 31 ಸಾವಿರ, ಕೋಡ್ ಅಳಿಸಿದ ಮೇಲಿನ ಓಟ 47 ಸಾವಿರ ಎಂದು ಬಂದರೆ ಇನ್ನೇನೂ ನೋಡಬೇಕಿಲ್ಲ. ತದ್ವಿರುದ್ಧವಾಗಿ ಆ ದೂರ 9 ಕಿಲೋಮೀಟರ್ ಎಂದಿದ್ದು ಮಾನಿಟರ್‌ಗಳು ಇನ್ನೂ ಮುಗಿದಿಲ್ಲ ಎಂದರೆ ನೀವು ಬರುವ ಮೊದಲು ಯಾರೋ ಕೋಡ್ ಅಳಿಸಿದ್ದಾರೆ. ಒಂದು ವಾರ ಓಡಿಸಿ ಎಂದು ಹೇಳಿ, ಮತ್ತೆ ಬಂದು ಓದಿ.

ಡಾಂಗಲ್‌ಗೆ ಎಟುಕದ್ದು ಬ್ರಾಂಡಿನ ಸರ್ವೀಸ್ ಸೆಂಟರಿನ ಯಂತ್ರಕ್ಕೆ ಎಟುಕುತ್ತದೆ. ಬಿಎಂಡಬ್ಲ್ಯೂ ಕೀಲಿಯೊಳಗೇ ಕಿಲೋಮೀಟರ್ ಉಳಿದಿರುತ್ತದೆ, ಎರಡೂ ಕೀಲಿ ಓದಿಸಿ. ಪೋರ್ಷೆಯ ಎಂಜಿನ್ ಕಂಪ್ಯೂಟರ್ ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಇಟ್ಟುಕೊಂಡಿರುತ್ತದೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. 40 ಸಾವಿರ ಕಿಲೋಮೀಟರಿಗೆ 1,400 ಗಂಟೆ ಎಂದರೆ ಗಂಟೆಗೆ 28ರ ಸುಮಾರು, ಬೆಂಗಳೂರು ಟ್ರಾಫಿಕ್ ಮತ್ತು ವಾರಾಂತ್ಯದ ಹೈವೇ ಸೇರಿದರೆ ಸರಿ ಹೋಗುತ್ತದೆ. 18 ಸಾವಿರಕ್ಕೆ ಅದೇ 1,400 ಗಂಟೆ ಎಂದರೆ ಗಂಟೆಗೆ 13. ಅಷ್ಟು ನಿಧಾನ ಯಾವ ಊರಲ್ಲಿ ಓಡಿಸಿದರೋ!

ಅದೇ ವರದಿಯಲ್ಲಿ ಎಂಜಿನ್ ಮಿತಿ ಮೀರಿ ತಿರುಗಿದ ಲೆಕ್ಕ ಆರು ಮಟ್ಟಗಳಲ್ಲಿ ಬರುತ್ತದೆ (1997–2004ರ ಮೊದಲ ತಲೆಮಾರಿನ ಬಾಕ್ಸ್‌ಸ್ಟರ್‌ನಲ್ಲಿ ಎರಡೇ ಮಟ್ಟ). 1ರಿಂದ 3ನೇ ಮಟ್ಟದಲ್ಲಿ ಮಾತ್ರ ಸಂಖ್ಯೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮ್ಯಾನುಯಲ್ ಗೇರಿನ ಕಾರಿನಲ್ಲಿ 4, 5, 6ರಲ್ಲಿ ಸಂಖ್ಯೆ ಇದ್ದರೆ ಯಾರೋ ವೇಗದಲ್ಲಿ ತಪ್ಪಾಗಿ ಕೆಳಗಿನ ಗೇರ್ ಹಾಕಿದ್ದಾರೆ. ಅದು ಎಷ್ಟನೇ ಗಂಟೆಯಲ್ಲಿ ಆಯಿತು ಎಂಬುದೂ ಇರುತ್ತದೆ. ಇತ್ತೀಚಿನದಾದರೆ ಆ ಕಾರು ಬೇಡ.

ಪೋಲೋ ಜಿಟಿ ಮತ್ತು ಆಕ್ಟೇವಿಯಾ ಆರ್‌ಎಸ್ ನೋಡುವವರು ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು) ಬಗ್ಗೆ ಕೇಳಿ. ರೀಮ್ಯಾಪ್ ಮಾಡಿ, ಮಾರುವ ಮುಂಚೆ ಹಳೆಯ ಮ್ಯಾಪ್ ಹಾಕಿಸುವುದು ಸಾಮಾನ್ಯ. ಎಂಜಿನ್ನಿಗೆ ಗಾಳಿ ಒಯ್ಯುವ ಪೈಪ್‌ಗಳು ಬದಲಾಗಿದ್ದರೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಜಾಗದಲ್ಲಿ ನೇರ ಪೈಪ್ ಇದ್ದರೆ ಉತ್ತರ ಅಲ್ಲೇ ಇದೆ.

## ಹಂತ 8: ಓಡಿಸಿ ನೋಡಿ

ಮ್ಯೂಸಿಕ್ ಆಫ್, ಎಸಿ ಆಫ್, ಗಾಜು ಇಳಿಸಿ. ಮಾರುವವರು ಪಕ್ಕದಲ್ಲಿ ಮಾತಾಡುತ್ತಲೇ ಇದ್ದರೆ "ಸರ್, ಎರಡು ನಿಮಿಷ ಸದ್ದು ಕೇಳ್ತೀನಿ" ಎಂದು ಹೇಳಲು ಸಂಕೋಚ ಬೇಡ.

ಮೊದಲು ಏರಿನಲ್ಲಿ ರಿವರ್ಸ್. ತೋಟದ ಮನೆಯವರು ದಿನಾ ಮಾಡುವ ಕೆಲಸ ಇದು, ಬೆಂಗಳೂರಿನ ಟೆಸ್ಟ್ ಡ್ರೈವ್‌ನಲ್ಲಿ ಯಾರೂ ಮಾಡದ್ದೂ ಇದೇ. ಏರು ಸಿಗದಿದ್ದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಸಾಕು. ಪೋಲೋ ಜಿಟಿ ಟಿಎಸ್‌ಐನ ಏಳು ಗೇರಿನ ಆಟೋಮ್ಯಾಟಿಕ್ ಡಿಎಸ್‌ಜಿಯಲ್ಲಿ ಕ್ಲಚ್ ಒಣ ಮಾದರಿಯದು. ಸವೆದಿದ್ದರೆ ಇಲ್ಲಿ ಗದಗದ ನಡುಗುತ್ತದೆ. ಆಕ್ಟೇವಿಯಾ ಆರ್‌ಎಸ್ 230ರ ಆರು ಗೇರಿನದು ಆಯಿಲ್‌ನಲ್ಲಿ ಮುಳುಗಿದ ಕ್ಲಚ್. ಅದಕ್ಕೆ 60 ಸಾವಿರ ಕಿಲೋಮೀಟರಿಗೊಮ್ಮೆ ಗೇರ್ ಆಯಿಲ್ ಬದಲಿಸಿದ ಬಿಲ್ ಕೇಳಿ.

ಮ್ಯಾನುಯಲ್ ಆದರೆ ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತಾ ಒಮ್ಮೆಲೇ ಪೂರ್ತಿ ಆಕ್ಸಿಲರೇಟರ್ ತುಳಿಯಿರಿ. ಆರ್‌ಪಿಎಂ ಮುಳ್ಳು ಮುಂದೆ ಹಾರಿ ಕಾರು ಹಿಂದೆ ಉಳಿದರೆ ಕ್ಲಚ್ ಮುಗಿದಿದೆ.

ಕಾರು ಕೊಡಗಿನಲ್ಲೇ ಇದ್ದರೆ ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯಿರಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಉದ್ದ ಇಳಿದು, ಆಮೇಲೆ ಮೆಲ್ಲಗೆ ತುಳಿಯಿರಿ. ಆ ಕ್ಷಣ ಕನ್ನಡಿಯಲ್ಲಿ ನೀಲಿ ಹೊಗೆ ಕಂಡರೆ ವಾಲ್ವ್ ಸೀಲ್ ಅಥವಾ ಟರ್ಬೋ. ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ನಡುಗಿದರೆ ಡಿಸ್ಕ್ ಸೊಟ್ಟ. ಪೆಡಲ್ ಕೆಳಗಿಳಿಯುತ್ತಾ ಹೋದರೆ ನಿಲ್ಲಿಸಿ, ಮುಂದೆ ಇಳಿಯಬೇಡಿ. ತಿರುಗಿ ಹತ್ತುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ನೇರ ರಸ್ತೆಯ ಓಟಕ್ಕೆ ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಹೋಗಿ. ಸ್ಟಿಯರಿಂಗ್ ಸಡಿಲ ಹಿಡಿದರೆ ಕಾರು ಒಂದೇ ಕಡೆ ಎಳೆಯಬಾರದು.

ನಿಲ್ಲಿಸಿದ ಮೇಲೆ ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ. ಫ್ಯಾನ್ ತಿರುಗಬೇಕು. ಆಫ್ ಮಾಡಿ, ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಮಾಡಿ. ಕೆಳಗೆ ಹನಿ ಬಿದ್ದಿದೆಯೇ ನೋಡಿ. ಎಸಿಯ ನೀರು ಮಾತ್ರ ಸಹಜ.

## ಹಂತ 9: ಲಿಫ್ಟ್ ಮೇಲೆ

ಮಾರುವವರ ಗ್ಯಾರೇಜಿನಲ್ಲಿ ಬೇಡ, ನೀವು ಆರಿಸಿದ ಗ್ಯಾರೇಜಿನಲ್ಲಿ. "ಲಿಫ್ಟ್‌ಗೆ ಹಾಕೋದೇನೂ ಬೇಡ ಸರ್" ಎಂದರೆ ನಮಸ್ಕಾರ ಹೇಳಿ ಬನ್ನಿ.

ಎಂಜಿನ್ ಅಡಿಯ ಆಯಿಲ್ ಸಂಪ್ ಗೀಚಿದೆಯೇ, ತಗ್ಗಾಗಿದೆಯೇ, ವೆಲ್ಡಿಂಗ್ ಆಗಿದೆಯೇ ನೋಡಿ. ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿದು ಗ್ರೀಸ್ ಸಿಡಿದಿದೆಯೇ, ಶಾಕ್ ಅಬ್ಸಾರ್ಬರ್ ಒದ್ದೆಯಾಗಿದೆಯೇ, ಜಾಕಿ ಇಡುವ ಅಂಚು ನುಜ್ಜಾಗಿದೆಯೇ ನೋಡಿ. ಕೆಂಪು ಮಣ್ಣು ಅಂಟಿದ್ದನ್ನೇ ಹಿಡಿದು ರ‍್ಯಾಲಿ ಕಾರು ಎನ್ನಬೇಡಿ, ಕೊಡಗಿನಲ್ಲಿ ಹಾಲು ತರಲು ಹೋದ ಕಾರಿಗೂ ಅದೇ ಮಣ್ಣು. ಗದ್ದೆಯ ಆಟೋಕ್ರಾಸ್ ರೇಸಿನಲ್ಲಿ ಓಡಿದ ಕಾರಿಗೆ ಬೇರೆ ಗುರುತುಗಳಿವೆ: ಸಂಪ್ ಗಾರ್ಡ್ ಕೂರಿಸಲು ಕೊರೆದ ತೂತುಗಳು, ನೆಲದ ಹಲಗೆಯಲ್ಲಿ ರೋಲ್ ಕೇಜ್ (ಒಳಗಿನ ರಕ್ಷಣಾ ಕಂಬಿಗಳ ಚೌಕಟ್ಟು) ಪಾದಗಳಿದ್ದ ಜಾಗದ ಹೊಸ ಪೇಂಟ್, ಸೀಟ್ ಬೋಲ್ಟುಗಳ ಪಕ್ಕ ಇನ್ನೊಂದು ಜೊತೆ ತೂತು. ಹಾಗೆ ಓಡಿದ್ದೇ ಪಾಪವಲ್ಲ. ಹೇಳದೆ ಮುಚ್ಚಿಟ್ಟರೆ ಕಷ್ಟ.

ಸಾಧ್ಯವಾದರೆ ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು) ಮಾಡಿಸಿ. ಒಟ್ಟು ಸಂಖ್ಯೆಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಮೂರು ಸಿಲಿಂಡರ್ ಹತ್ತಿರ ಹತ್ತಿರ ಇದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಕಾರು ಬೇಡ.

## ಹಂತ 10: ಎರಡು ಚೀಟಿ, ಆಮೇಲೆ ಬೆಲೆ

ಈಗ ಮೀಟರ್ ನೋಡಿ, ಚೀಟಿಗಳನ್ನು ಪಕ್ಕಪಕ್ಕ ಇಡಿ. ನಿಮ್ಮ ಅಂದಾಜಿಗೂ ಮೀಟರಿಗೂ ಹತ್ತು ಹದಿನೈದು ಸಾವಿರ ವ್ಯತ್ಯಾಸ ಬಂದರೆ ಅಂದಾಜಿನ ದೋಷ ಎಂದುಕೊಳ್ಳಿ. ಎರಡು ಪಟ್ಟು ಬಂದರೆ ಚೌಕಾಸಿ ಬೇಡ. ಮೀಟರ್ ತಿರುಗಿಸಿದವರು ಇನ್ನೇನು ಮುಚ್ಚಿದ್ದಾರೋ ಗೊತ್ತಾಗುವುದಿಲ್ಲ, ಎಷ್ಟು ಕಡಿಮೆಗೆ ಸಿಕ್ಕರೂ ಬೇಡ.

ಮೀಟರ್ ಸತ್ಯವೇ ಆದರೂ ಕಡಿಮೆ ಓಟವನ್ನು ಕಣ್ಣು ಮುಚ್ಚಿ ನಂಬಬೇಡಿ. ಐದು ವರ್ಷ ಶೆಡ್ಡಿನಲ್ಲಿ ನಿಂತು 12 ಸಾವಿರ ಓಡಿದ ಕಾರಿಗಿಂತ ಬಿಲ್ ಸಮೇತ 60 ಸಾವಿರ ಓಡಿದ ಕಾರನ್ನು ನಾನು ಆರಿಸುತ್ತೇನೆ. ನಿಂತ ಕಾರಿನ ಬ್ರೇಕ್ ಕ್ಯಾಲಿಪರ್ ಹಿಡಿದುಕೊಳ್ಳುತ್ತದೆ, ಸೀಲ್‌ಗಳು ಒಣಗುತ್ತವೆ, ಟೈರ್ ಒಂದು ಕಡೆ ಚಪ್ಪಟೆಯಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಅರ್ಧ ಟ್ಯಾಂಕ್ ಹಾಕಿ ಮಳೆಗಾಲವಿಡೀ ನಿಲ್ಲಿಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬೆಲೆ ಮಾತಾಡುವಾಗ ಟೈರ್, ಡಿಸ್ಕ್, ಕ್ಲಚ್, ಬಾಕಿ ಸರ್ವೀಸ್, ಒಂದೊಂದರ ಬಿಡಿಭಾಗದ ಬೆಲೆ ಬರೆದುಕೊಂಡು ಕೂರಿ. ಟೋಕನ್ ಕೊಟ್ಟರೆ ರಸೀದಿಯಲ್ಲಿ ಚಾಸಿಸ್ ನಂಬರ್, ಅಂದಿನ ಮೀಟರ್ ಸಂಖ್ಯೆ, ವ್ಯವಹಾರ ಮುರಿದರೆ ಟೋಕನ್ ವಾಪಸ್ ಎಂಬ ಮಾತು ಮೂರೂ ಇರಲಿ. ಚಾಸಿಸ್ ನಂಬರನ್ನು ಆರ್‌ಸಿ ಜೊತೆ ನೀವೇ ಹೋಲಿಸಿ.

ಹಣ ಕೊಡುವ ದಿನವೇ ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಆಗಲಿ. ಫೈನಾನ್ಸ್ ಇದ್ದರೆ ಫಾರಂ 35, ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಕೊಡಬೇಕು, ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ ತಿಳಿಸಬೇಕು. ಆ 14 ದಿನವೂ ಕಾಯದೆ ಮೊದಲ ದಿನವೇ ತಿಳಿಸಿ, ಘಾಟಿ ಹತ್ತಿಸಿ ತರಬೇಕಾದ ಕಾರು ಇದು.

ಮನೆಗೆ ತಂದ ವಾರವೇ ಆಯಿಲ್ ಬದಲಿಸಿ. ಹಳೆಯ ಫಿಲ್ಟರನ್ನು ಎಸೆಯಲು ಬಿಡಬೇಡಿ. ಮೆಕ್ಯಾನಿಕ್ ಹತ್ತಿರ ಹೇಳಿ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟುವ ಚೂರು ಎಂದರೆ ಕಬ್ಬಿಣ, ಅಂಟದ ಬಂಗಾರ ಬಣ್ಣದ್ದು ಬೇರಿಂಗ್. ಹಿಟ್ಟಿನಂಥ ನಯವಾದ ಪುಡಿ ಇದ್ದರೆ ಮುಂದಿನ ಆಯಿಲ್ 3 ಸಾವಿರ ಕಿಲೋಮೀಟರಿಗೇ ಬದಲಿಸಿ ಮತ್ತೆ ನೋಡಿ. ಉಗುರಿಗೆ ತಾಗುವಂಥ ಚೂರು ಇದ್ದರೆ ಕಾರನ್ನು ಸ್ಟಾರ್ಟ್ ಮಾಡಬೇಡಿ, ಟ್ರಕ್ಕಿನಲ್ಲಿ ಹಾಕಿಸಿ ಎಂಜಿನ್ ಬಿಚ್ಚಬಲ್ಲ ಗ್ಯಾರೇಜಿಗೆ ಕಳಿಸಿ.